ಇಂಗ್ಲಿಷ್ ಷರತ್ತುವಾಕ್ಯಗಳಲ್ಲಿ ಕ್ರಿಯಾವಿಶೇಷಣಗಳು

ಇಂಗ್ಲಿಷ್ ಷರತ್ತುವಾಕ್ಯಗಳಲ್ಲಿ ಕ್ರಿಯಾವಿಶೇಷಣಗಳು ಷರತ್ತಿನ ಕಾಲ, ಸಾಧ್ಯತೆ, ವ್ಯಾಪ್ತಿ ಮತ್ತು ಮಿತಿಗಳನ್ನು ಸೂಚಿಸುತ್ತವೆ. 'ಇಫ್' ಎಂಬ ಅವ್ಯಯದಿಂದ ಆರಂಭವಾಗುವ ಉಪವಾಕ್ಯ ಮತ್ತು ಅದರ ಫಲವನ್ನು ಹೇಳುವ ಪ್ರಧಾನ ವಾಕ್ಯ ಸೇರಿ ಷರತ್ತುವಾಕ್ಯವಾಗುತ್ತದೆ. ಕ್ರಿಯಾವಿಶೇಷಣವು ಇವೆರಡರಲ್ಲಿ ಯಾವುದರೊಳಗೆ ಮತ್ತು ಯಾವ ಪದದ ಪಕ್ಕದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ವಾಕ್ಯದ ಅರ್ಥ ಬದಲಾಗುತ್ತದೆ. ಕನ್ನಡದಲ್ಲಿ ಇದೇ ಕೆಲಸವನ್ನು ಬಹುಮಟ್ಟಿಗೆ ಕ್ರಿಯಾಪದದ ಕೊನೆಗೆ ಸೇರುವ ಪ್ರತ್ಯಯಗಳು ಮಾಡುವುದರಿಂದ, ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೂ ಅನುವಾದಕರಿಗೂ ಈ ವಿಷಯ ತೊಡಕಿನದಾಗಿದೆ. ಇಲ್ಲಿನ ಉದಾಹರಣೆಗಳನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಭಾಗದ ಬಳಕೆಯಿಂದ ಆರಿಸಿಕೊಳ್ಳಲಾಗಿದೆ.

ರಚನೆ

ಶಾಲಾ ವ್ಯಾಕರಣಗಳು ಇಂಗ್ಲಿಷ್ ಷರತ್ತುವಾಕ್ಯಗಳನ್ನು ಸೊನ್ನೆ, ಮೊದಲನೆಯ, ಎರಡನೆಯ, ಮೂರನೆಯ ಮತ್ತು ಮಿಶ್ರ ಎಂಬ ಮಾದರಿಗಳಾಗಿ ವಿಂಗಡಿಸುತ್ತವೆ. ಈ ವಿಂಗಡಣೆ ಪರೀಕ್ಷೆಗೆ ಅನುಕೂಲವಾದರೂ ಭಾಷೆಯ ಎಲ್ಲ ಬಳಕೆಗಳನ್ನು ಒಳಗೊಳ್ಳುವುದಿಲ್ಲ. ಕನ್ನಡದಲ್ಲಿ ಭೂತಕಾಲದ ಧಾತುರೂಪಕ್ಕೆ 'ಅರೆ' ಸೇರಿ 'ಬಂದರೆ', 'ಹೋದರೆ', 'ಮಾಡಿದರೆ' ಎಂಬ ರೂಪಗಳು ಬರುತ್ತವೆ. ಹಳಗನ್ನಡದ 'ಬಂದೊಡೆ', ನಡುಗನ್ನಡದ 'ಬಂದಡೆ' ಎಂಬ ರೂಪಗಳೇ ಇಂದಿನ 'ಬಂದರೆ' ಆಗಿವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು 'ಬಂದ್ರ' ಎಂದು ಕೇಳಿಬರುತ್ತದೆ. ಕಚೇರಿಗಳ ಪ್ರಕಟಣೆಗಳಲ್ಲಿ 'ಬಂದಲ್ಲಿ', 'ಬಂದ ಪಕ್ಷದಲ್ಲಿ' ಎಂಬ ರೂಪಗಳೂ ಇವೆ.

ಕಾಲವಾಚಕ ಕ್ರಿಯಾವಿಶೇಷಣಗಳು

'ಇಫ್ ಇಟ್ ರೇನ್ಡ್ ಟುಮಾರೋ' ಎಂಬ ಉಪವಾಕ್ಯದಲ್ಲಿ ಕ್ರಿಯಾಪದ ಭೂತಕಾಲದ ರೂಪದಲ್ಲಿದೆ, ಕ್ರಿಯಾವಿಶೇಷಣ ಮಾತ್ರ ನಾಳೆಯನ್ನು ಹೇಳುತ್ತದೆ. ಇಲ್ಲಿ ಭೂತರೂಪವು ಕಳೆದ ಕಾಲವನ್ನಲ್ಲ, ಸಾಧ್ಯತೆ ಕಡಿಮೆ ಎಂಬುದನ್ನು ಸೂಚಿಸುತ್ತದೆ. ನಿಜವಾದ ಕಾಲವನ್ನು ತಿಳಿಸುವ ಹೊಣೆ 'ಟುಮಾರೋ' ಮೇಲೆ ಬೀಳುತ್ತದೆ. ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ 'ನಾಳೆ ಮಳೆ ಬಂದರೆ' ಎನ್ನುವಾಗ ಅವರೂ 'ಬಂದ್' ಎಂಬ ಭೂತಕಾಲದ ಧಾತುರೂಪವನ್ನೇ ನಾಳೆಯ ಜೊತೆಗೆ ಬಳಸುತ್ತಿರುತ್ತಾರೆ. ಈ ಹೋಲಿಕೆಯನ್ನು ಪಠ್ಯಪುಸ್ತಕಗಳು ಇನ್ನಷ್ಟು ಬಳಸಿಕೊಳ್ಳಬಹುದಾಗಿತ್ತು. ವ್ಯತ್ಯಾಸವೆಂದರೆ, ಕನ್ನಡದ 'ಬಂದರೆ' ಸಾಧ್ಯತೆ ಹೆಚ್ಚಿದ್ದಾಗಲೂ ಕಡಿಮೆಯಿದ್ದಾಗಲೂ ಒಂದೇ ಆಗಿರುತ್ತದೆ, ಇಂಗ್ಲಿಷಿನಲ್ಲಿ 'ರೇನ್ಸ್' ಮತ್ತು 'ರೇನ್ಡ್' ಬೇರೆಯಾಗುತ್ತವೆ.

ನಡೆಯದೇ ಹೋದ ಸಂಗತಿಯನ್ನು ಊಹಿಸುವ ವಾಕ್ಯಗಳಲ್ಲಿ ಫಲವು ಇಂದಿಗೂ ಮುಂದುವರಿದಿದ್ದರೆ ಪ್ರಧಾನ ವಾಕ್ಯದಲ್ಲಿ 'ನೌ' ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ಅಪಾರ ನೀರು ನದಿಗೆ ಹರಿಯಿತು. ಅದರ ಎಡದಂಡೆ ಕಾಲುವೆಯನ್ನು ನೆಚ್ಚಿದ ಸಿಂಧನೂರು ಭಾಗದ ಭತ್ತದ ಬೆಳೆಗಾರನೊಬ್ಬ ಮರುದಿನ 'ಗೇಟ್ ಮುರಿಯದಿದ್ದರೆ ಈಗ ಜಲಾಶಯ ತುಂಬಿರುತ್ತಿತ್ತು' ಎಂದನೆಂದು ಭಾವಿಸಿದರೆ, ಅದರ ಇಂಗ್ಲಿಷ್ ರೂಪ 'ಇಫ್ ದ ಗೇಟ್ ಹ್ಯಾಡ್ ನಾಟ್ ಬ್ರೋಕನ್, ದ ರಿಸರ್ವಾಯರ್ ವುಡ್ ನೌ ಬಿ ಫುಲ್' ಎಂದಾಗುತ್ತದೆ. 'ನೌ' ಮೊದಲ ಸಹಾಯಕ ಕ್ರಿಯಾಪದವಾದ 'ವುಡ್' ಆದ ಮೇಲೆ ನಿಂತಿರುವುದನ್ನು ಗಮನಿಸಬಹುದು. 'ಪ್ರಾಬಬ್ಲಿ', 'ಸರ್ಟನ್ಲಿ', 'ಆಲ್ವೇಸ್' ಮೊದಲಾದವುಗಳಿಗೂ ಸಾಮಾನ್ಯವಾಗಿ ಅದೇ ಸ್ಥಾನ. 'ವೋಂಟ್' ಎಂಬಂಥ ಸಂಕ್ಷಿಪ್ತ ನಿಷೇಧರೂಪವಿದ್ದಾಗ ಮಾತ್ರ 'ಪ್ರಾಬಬ್ಲಿ' ಅದಕ್ಕಿಂತ ಮೊದಲು ಬರುತ್ತದೆ.

'ಓನ್ಲಿ ಇಫ್', 'ಇಫ್ ಓನ್ಲಿ' ಮತ್ತು 'ಈವನ್ ಇಫ್'

ಮಿತಿಯನ್ನು ಹೇಳುವ 'ಓನ್ಲಿ' ಮತ್ತು ವ್ಯಾಪ್ತಿಯನ್ನು ಹಿಗ್ಗಿಸುವ 'ಈವನ್' ಷರತ್ತುವಾಕ್ಯಗಳ ಅತಿ ಮುಖ್ಯ ಕ್ರಿಯಾವಿಶೇಷಣಗಳು. ಇಂಗ್ಲಿಷಿನಲ್ಲಿ ಇವು ತಾವು ಒತ್ತಿಹೇಳುವ ಭಾಗಕ್ಕಿಂತ ಮೊದಲು ಬರುತ್ತವೆ. ಕನ್ನಡದ 'ಮಾತ್ರ', 'ಏ', 'ಊ' ಅದರ ನಂತರ ಬರುತ್ತವೆ. ಹೀಗಾಗಿ 'ಬಂದರೆ ಮಾತ್ರ' ಎಂಬುದು 'ಓನ್ಲಿ ಇಫ್' ಎಂದೂ, 'ಬಂದರೂ' ಎಂಬುದು 'ಈವನ್ ಇಫ್' ಎಂದೂ ಹಿಂದುಮುಂದಾಗುತ್ತದೆ. ಕನ್ನಡದ ಕ್ರಮವನ್ನೇ ಇಟ್ಟುಕೊಂಡು 'ಇಫ್ ಓನ್ಲಿ' ಎಂದು ಬರೆದರೆ ಅದು ಷರತ್ತಾಗಿ ಉಳಿಯದೆ ಹಂಬಲವಾಗುತ್ತದೆ: 'ಮಳೆಯೊಂದು ಬಂದಿದ್ದರೆ!'

ಕಾಲುವೆಯ ನೀರಿನ ವಿಚಾರದಲ್ಲಿ ಈ ವ್ಯತ್ಯಾಸ ಕೇವಲ ವ್ಯಾಕರಣದ್ದಲ್ಲ. ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ ಹಂಗಾಮಿನ ನೀರು ಬಿಡುಗಡೆಯನ್ನು ನಿರ್ಧರಿಸುತ್ತದೆ. ಇಂಥ ನಿರ್ಧಾರವೊಂದನ್ನು ಕಲ್ಪಿಸಿಕೊಂಡು ಎರಡು ವಾಕ್ಯಗಳನ್ನು ಹೋಲಿಸಬಹುದು. 'ನೀರಿದ್ದರೆ ಮಾತ್ರ ಎರಡನೇ ಬೆಳೆಗೆ ಬಿಡಲಾಗುವುದು' ಎಂದರೆ ಸಂಗ್ರಹವಿಲ್ಲದಿದ್ದರೆ ಬಿಡುವುದಿಲ್ಲ ಎಂದರ್ಥ. 'ನೀರಿದ್ದರೆ ಎರಡನೇ ಬೆಳೆಗೆ ಮಾತ್ರ ಬಿಡಲಾಗುವುದು' ಎಂದರೆ ಬೇರೆ ಉದ್ದೇಶಕ್ಕೆ ಬಿಡುವುದಿಲ್ಲ ಎಂದರ್ಥ. ಮೊದಲನೆಯದನ್ನು ಬರಿಯ 'ಇಫ್' ಬಳಸಿ ಅನುವಾದಿಸಿದರೆ ನೀರಿಲ್ಲದಾಗ ಏನಾಗುತ್ತದೆ ಎಂಬುದನ್ನು ವಾಕ್ಯ ಸ್ಪಷ್ಟವಾಗಿ ಹೇಳುವುದೇ ಇಲ್ಲ. ಕಾಲುವೆಯ ಕೊನೆಭಾಗದ ರೈತನಿಗೆ ಸಸಿಮಡಿ ಹಾಕಬೇಕೇ ಬೇಡವೇ ಎಂಬ ನಿರ್ಧಾರ ಆ ಒಂದು ಪದದ ಮೇಲೆ ನಿಂತಿರುತ್ತದೆ.

'ಓನ್ಲಿ ಇಫ್' ವಾಕ್ಯದ ಆರಂಭದಲ್ಲಿ ಬಂದಾಗ ಪ್ರಧಾನ ವಾಕ್ಯದ ಕರ್ತೃ ಮತ್ತು ಸಹಾಯಕ ಕ್ರಿಯಾಪದ ಸ್ಥಾನ ಬದಲಿಸಿಕೊಳ್ಳುತ್ತವೆ: 'ಓನ್ಲಿ ಇಫ್ ದ ಡ್ಯಾಮ್ ಫಿಲ್ಸ್ ವಿಲ್ ದ ಕೆನಾಲ್ ಬಿ ಓಪನ್ಡ್'. 'ಈವನ್ ಇಫ್' ಬಂದಾಗ ಹೀಗಾಗುವುದಿಲ್ಲ.

'ಬಂದರೂ' ಎಂಬ ರೂಪಕ್ಕೆ ಇನ್ನೊಂದು ತೊಡಕಿದೆ. 'ಮಳೆ ಬಂದರೂ ನಾಟಿ ನಡೆಯುತ್ತದೆ' ಎಂಬಲ್ಲಿ ಅದು 'ಈವನ್ ಇಫ್', 'ಮಳೆ ಬಂದರೂ ನಾಟಿ ನಡೆಯಿತು' ಎಂಬಲ್ಲಿ ಅದು 'ಆಲ್ದೋ'. ಎರಡನೆಯದರಲ್ಲಿ ಮಳೆ ನಿಜವಾಗಿ ಬಂದಿದೆ, ಷರತ್ತಿಲ್ಲ. ಕನ್ನಡದಲ್ಲಿ ಈ ಭೇದವನ್ನು ಪ್ರಧಾನ ಕ್ರಿಯಾಪದದಿಂದ ತಿಳಿಯಬೇಕು.

ಮಸ್ಕಿ ಶಾಸನದ ನಿದರ್ಶನ

ಈ ಪದಗಳು ಒಟ್ಟಾಗಿ ಬರುವ ಹಳೆಯ ನಿದರ್ಶನವೊಂದು ಮಸ್ಕಿಯಲ್ಲೇ ಇದೆ. ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇಲ್ಲಿ ಕಂಡ ಅಶೋಕನ ಕಿರು ಬಂಡೆಶಾಸನವು ದೊರೆಯ ಹೆಸರನ್ನು ಹೇಳುವುದರಿಂದ ಪ್ರಸಿದ್ಧವಾಗಿದೆ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಧರ್ಮದಲ್ಲಿ ತೊಡಗಿದವನು ಅಲ್ಪನಾದರೂ ಈ ಗುರಿಯನ್ನು ಪಡೆಯಬಲ್ಲನು, ದೊಡ್ಡವನು ಮಾತ್ರ ಪಡೆಯುತ್ತಾನೆಂದು ತಿಳಿಯಬಾರದು, ಹೀಗೆ ನಡೆದರೆ ಒಳಿತು ಬಹುಕಾಲ ನಿಲ್ಲುತ್ತದೆ ಎಂಬುದು ಅದರ ಉತ್ತರಭಾಗದ ಸಾರ. ಇ. ಹುಲ್ಟ್ಶ್ 1925ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಕೊನೆಯ ಮಾತಿನಲ್ಲಿ 'ಇಫ್' ಬರುತ್ತದೆ. ಮೂಲದಲ್ಲಿ ಅದಕ್ಕೆ ಸಮನಾದ ಅವ್ಯಯವಿಲ್ಲ, 'ಹೀಗೆ' ಎಂಬರ್ಥದ 'ಹೇವಂ' ಎಂಬ ಕ್ರಿಯಾವಿಶೇಷಣ ಮತ್ತು ಒಂದು ಕೃದಂತವೇ ಷರತ್ತಿನ ಭಾವವನ್ನು ಹೊತ್ತಿವೆ. 'ಮಾತ್ರ' ಎಂಬರ್ಥದ 'ವ' ಸಹ ಕನ್ನಡದ 'ಏ' ಎಂಬಂತೆ ತಾನು ಒತ್ತುವ ಪದದ ನಂತರವೇ ನಿಂತಿದೆ. ಇಂಗ್ಲಿಷಿಗಿಂತ ಕನ್ನಡಕ್ಕೇ ಆ ಬಂಡೆಯ ವಾಕ್ಯ ಸುಲಭವಾಗಿ ಒಗ್ಗುತ್ತದೆ.

ಸಾಧ್ಯತೆಯ ಕ್ರಿಯಾವಿಶೇಷಣಗಳು

'ಪ್ರಾಬಬ್ಲಿ' ಮೊದಲಾದವು ಪ್ರಧಾನ ವಾಕ್ಯದಲ್ಲಿ ಬರುತ್ತವೆ, 'ಇಫ್' ಉಪವಾಕ್ಯದಲ್ಲಿ ಸಾಮಾನ್ಯವಾಗಿ ಹೊಂದುವುದಿಲ್ಲ. ಅನಿಶ್ಚಿತತೆಯನ್ನು 'ಇಫ್' ಆಗಲೇ ಹೇಳಿರುತ್ತದೆ. ಕನ್ನಡದಲ್ಲಿ ಉಪವಾಕ್ಯದ ಮೊದಲಿಗೆ 'ಒಂದು ವೇಳೆ' ಅಥವಾ 'ಅಕಸ್ಮಾತ್' ಇಡುವುದು ಸಹಜ. ಷರತ್ತಿನ ಗುರುತು ಕೊನೆಯಲ್ಲಿ ಬರುವ ಭಾಷೆಯಲ್ಲಿ ಕೇಳುಗನಿಗೆ ಮುಂಚಿತವಾಗಿ ಸೂಚನೆ ಕೊಡುವುದು ಅವುಗಳ ಕೆಲಸ. ಇಂಗ್ಲಿಷಿನಲ್ಲಿ 'ಇಫ್' ಮೊದಲೇ ಇರುವುದರಿಂದ ಅವನ್ನು ಅನುವಾದಿಸುವ ಅಗತ್ಯವಿಲ್ಲ. 'ಸಪೋಸ್ ಇಫ್', 'ಇನ್ ಕೇಸ್ ಇಫ್' ಎಂಬ, ಭಾರತೀಯ ಇಂಗ್ಲಿಷಿನಲ್ಲಿ ವ್ಯಾಪಕವಾದ ಜೋಡಿಗಳು ಇಂಥ ಅನುವಾದದ ಫಲವಾಗಿರಬಹುದು. ಪರೀಕ್ಷೆಯಲ್ಲಿ ಇವುಗಳನ್ನು ತಪ್ಪೆಂದೇ ಎಣಿಸಲಾಗುತ್ತದೆ.

'ಎವರ್' ಮತ್ತು 'ಅಟ್ ಆಲ್' ಇದಕ್ಕೆ ವಿರುದ್ಧ. ಅವು ಪ್ರಶ್ನೆ ಮತ್ತು ನಿಷೇಧಗಳಲ್ಲಿ ಬರುವಂತೆ 'ಇಫ್' ಉಪವಾಕ್ಯದಲ್ಲೂ ಬರುತ್ತವೆ. 'ಇಫ್ ಯು ಎವರ್ ವಿಸಿಟ್ ಮುದಗಲ್' ಎಂಬುದನ್ನು 'ಯಾವಾಗಲಾದರೂ ಮುದಗಲ್ಲಿಗೆ ಬಂದರೆ' ಎನ್ನಬಹುದು. 'ಯಾವಾಗಲಾದರೂ' ಎಂಬುದರ ಕೊನೆಯ 'ಆದರೂ' ಮೂಲತಃ ಷರತ್ತಿನ 'ಆದರೆ'ಗೆ 'ಊ' ಸೇರಿದ ರೂಪ.

'ದೆನ್' ಮತ್ತು 'ಅದರ್‌ವೈಸ್'

'ಇಫ್' ಬಂದಲ್ಲೆಲ್ಲ 'ದೆನ್' ಬರಬೇಕೆಂಬುದು ತಪ್ಪು ಕಲ್ಪನೆ. ಅದು ಐಚ್ಛಿಕ, 'ಈವನ್ ಇಫ್' ಇದ್ದಾಗಲಂತೂ ಸಲ್ಲುವುದಿಲ್ಲ. 'ಅದರ್‌ವೈಸ್' ಒಂದು ಇಡೀ ನಿಷೇಧಾತ್ಮಕ ಷರತ್ತನ್ನು ತಾನೇ ಹೊತ್ತು ನಿಲ್ಲುವ ಕ್ರಿಯಾವಿಶೇಷಣ. ಕನ್ನಡದಲ್ಲಿ ಅದಕ್ಕೆ 'ಇಲ್ಲದಿದ್ದರೆ' ಎಂಬ ಪೂರ್ಣ ಷರತ್ತುರೂಪವೇ ಬೇಕು, ಪ್ರಕಟಣೆಗಳಲ್ಲಿ ಅದು 'ತಪ್ಪಿದಲ್ಲಿ' ಎಂದಾಗುತ್ತದೆ.

ಗಡಿಯಲ್ಲಿನ ಸಂದಿಗ್ಧತೆ

'ಇಫ್ ದ ಸ್ಲೂಸ್ ಈಸ್ ಓಪನ್ಡ್ ಸೂನ್ ದ ಫೀಲ್ಡ್ ವಿಲ್ ಫಿಲ್' ಎಂಬ ವಾಕ್ಯದಲ್ಲಿ 'ಸೂನ್' ತೂಬು ತೆರೆಯುವುದಕ್ಕೆ ಸೇರಿದೆಯೋ ಗದ್ದೆ ತುಂಬುವುದಕ್ಕೆ ಸೇರಿದೆಯೋ ತಿಳಿಯದು. ಎರಡು ಉಪವಾಕ್ಯಗಳ ಗಡಿಯಲ್ಲಿ ನಿಂತ ಕ್ರಿಯಾವಿಶೇಷಣ ಎರಡೂ ಕಡೆ ನೋಡುತ್ತದೆ. ಬರಹದಲ್ಲಿ ಅಲ್ಪವಿರಾಮವೂ ಮಾತಿನಲ್ಲಿ ನಿಲುಗಡೆಯೂ ಇದನ್ನು ಬಿಡಿಸುತ್ತವೆ. ಕನ್ನಡದಲ್ಲಿ 'ತೂಬು ಬೇಗ ತೆರೆದರೆ ಗದ್ದೆ ತುಂಬುತ್ತದೆ', 'ತೂಬು ತೆರೆದರೆ ಗದ್ದೆ ಬೇಗ ತುಂಬುತ್ತದೆ' ಎಂಬ ಎರಡು ಬೇರೆ ವಾಕ್ಯಗಳಾಗುತ್ತವೆ. 'ತೆರೆದರೆ' ಎಂಬ ರೂಪವೇ ಅಲ್ಲಿ ಗಡಿಕಲ್ಲು.