ಸ್ಟೆನ್ಸಿಲ್ ಕಾಲದ ಹಾಳೆಗಳು

ಎಪ್ಪತ್ತರ ದಶಕದಲ್ಲಿ ಮೈಸೂರಿನ ಹಾಸ್ಟೆಲುಗಳಲ್ಲಿದ್ದ ನಮಗೆ ಅಚ್ಚುಮೊಳೆ ಜೋಡಿಸಿ ಪತ್ರಿಕೆ ತರುವಷ್ಟು ದುಡ್ಡಿರಲಿಲ್ಲ. ಇದ್ದದ್ದು ಸೈಕ್ಲೋಸ್ಟೈಲ್. ಕನ್ನಡ ಟೈಪ್‌ರೈಟರ್ ಕೈಗೆ ಸಿಗುವುದು ಅಪರೂಪ. ಹಾಗಾಗಿ ಮೇಣದ ಸ್ಟೆನ್ಸಿಲ್ ಹಾಳೆ ಹರಡಿಕೊಂಡು ಉಕ್ಕಿನ ಮೊನೆಯ ಕಡ್ಡಿಯಿಂದ ಕೈಯಾರೆ ಬರೆಯಬೇಕು. ಕನ್ನಡದ ಅಕ್ಷರಗಳೋ ಬರೀ ಸುತ್ತು. ಸ್ವಲ್ಪ ಒತ್ತಿದರೂ 'ಠ'ದ ಹೊಟ್ಟೆ ಕಿತ್ತು ಉದುರಿ, ಅಲ್ಲೊಂದು ಕಪ್ಪು ಬೊಟ್ಟು ಮೂಡುತ್ತಿತ್ತು. ಮೆಲ್ಲಗೆ ಬರೆದರೆ ಮಸಿ ಇಳಿಯುತ್ತಿರಲಿಲ್ಲ. ತಪ್ಪಾದಲ್ಲಿ ಕೆಂಪು ದ್ರಾವಣ ಬಳಿದು, ಆರಲು ಬಿಟ್ಟು, ಅದರ ಮೇಲೆಯೇ ಮತ್ತೆ ಬರೆಯುವುದು. ಡ್ರಮ್ಮಿಗೆ ಸುತ್ತಿ ಹಿಡಿಕೆ ತಿರುಗಿಸಿದರೆ ಕೆಲವು ನೂರು ಪ್ರತಿ. ಅಷ್ಟರಲ್ಲಿ ಸ್ಟೆನ್ಸಿಲ್ ಹರಿಯುತ್ತಿತ್ತು.

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲೇ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ವಿದ್ಯಾರ್ಥಿಗಳು ಎರಡು ಬಣವಾದರು, ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ದೇವರಾಜ ಅರಸು ಸಂಪುಟದಿಂದ ಹೊರಬರಬೇಕಾಯಿತು. ಕುವೆಂಪು ಬಸವಲಿಂಗಪ್ಪನವರ ಬೆನ್ನಿಗೆ ನಿಂತರು. ಈ ಗದ್ದಲದಿಂದ ಎದ್ದ ಎಚ್ಚರವೇ ಮುಂದೆ ದಲಿತ ಸಂಘರ್ಷ ಸಮಿತಿಯಾಯಿತು. 'ಪಂಚಮ', 'ಶೂದ್ರ'ದಂಥ ಪತ್ರಿಕೆಗಳ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಉಳಿದಿದೆ. ಆದರೆ ಹಾಸ್ಟೆಲಿನ ಮೆಸ್ಸಿನಲ್ಲಿ ರಾತ್ರಿ ಹುಟ್ಟಿ ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಹಂಚಿಹೋದ ಹಾಳೆಗಳು? ಚಳವಳಿಯ ನಿಜವಾದ ಮಾತು ಅಲ್ಲೇ ಇತ್ತು ಎಂದು ನಾನು ನಂಬಿದ್ದೇನೆ.

ಅವು ಗ್ರಂಥಾಲಯ ಸೇರದಿರಲು ಕಾರಣವಿದೆ. ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕೆಂಬ ಕಾಯ್ದೆ 1954ರಲ್ಲೇ ಬಂತು. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದಕ್ಕೆ ಒಳಪಟ್ಟವು. ನಮ್ಮ ಹಾಳೆಗಳಿಗೆ ಪ್ರಕಾಶಕನೂ ಇಲ್ಲ, ನೋಂದಣಿಯೂ ಇಲ್ಲ. ತಲೆಯ ಮೇಲೆ 'ಖಾಸಗಿ ಪ್ರಸಾರಕ್ಕೆ ಮಾತ್ರ' ಎಂದಷ್ಟೇ ಬರೆದು ಪಾರಾಗುತ್ತಿದ್ದೆವು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂದ ಮೇಲಂತೂ ಬರೆದವರ ಹೆಸರು, ತಾರೀಖು, ಊರು ಎಲ್ಲವನ್ನೂ ಬೇಕೆಂದೇ ಬಿಟ್ಟೆವು. ಎಷ್ಟೋ ಮನೆಗಳಲ್ಲಿ ಅಮ್ಮಂದಿರೇ ಕಟ್ಟುಕಟ್ಟು ಕಾಗದವನ್ನು ನೀರೊಲೆಗೆ ಹಾಕಿದರು. ಮಗ ಜೈಲಿಗೆ ಹೋಗದಿರಲಿ ಎಂದು ಹಾಗೆ ಮಾಡಿದವರನ್ನು ದೂರುವುದು ಹೇಗೆ?

ಕೋಲ್ಕತ್ತದ ಸಂದೀಪ್ ದತ್ತ ಅವರ ಕಥೆ ನನಗೆ ಗೊತ್ತಾದದ್ದು ತಡವಾಗಿ. 1972ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಅವರು, ಅದೇ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಂಗಾಳಿಯ ಲಿಟಲ್ ಮ್ಯಾಗಜಿನ್‌ಗಳನ್ನು ಎಸೆಯಲೆಂದು ಕಟ್ಟಿಟ್ಟದ್ದನ್ನು ಕಂಡರು. ಪ್ರತಿಭಟಿಸಲು ಮನೆಯಲ್ಲೇ ಪ್ರದರ್ಶನ ಇಟ್ಟರು. 1978ರಲ್ಲಿ ಕಾಲೇಜ್ ಸ್ಟ್ರೀಟ್ ಪಕ್ಕದ ಟೇಮರ್ ಲೇನಿನ ಆ ಮನೆಯ ಕೆಳಕೋಣೆಗಳಲ್ಲೇ ಲೈಬ್ರರಿ ತೆರೆದು, ಶಾಲಾ ಮೇಷ್ಟರ ಕೆಲಸ ಮಾಡಿಕೊಂಡೇ ಬೆಳೆಸಿದರು. 2023ರಲ್ಲಿ ಅವರು ತೀರಿಕೊಂಡಾಗ ಸಾವಿರಾರು ಸಂಚಿಕೆಗಳು ಅಲ್ಲಿದ್ದವು. ಸರ್ಕಾರ ಮಾಡಲಿ ಎಂದು ಅವರು ಕಾದು ಕೂತಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ.

ನಾವು ಕೆಲವರು ಈಗ ಮಾಡುತ್ತಿರುವುದು ಅದರ ಪುಟ್ಟ ಪಾಲು. ಹಳೆಯ ಗೆಳೆಯರ ಅಟ್ಟ, ಟ್ರಂಕುಗಳನ್ನು ತಡಕುವುದು. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ, ಹಿಂಬದಿಯ ಕಾಲುಗಳನ್ನು ಚಪ್ಪಟೆ ಕಡ್ಡಿಯಿಂದ ಎತ್ತಿ ಬಿಡಿಸುವುದು. ಎಣ್ಣೆಮಸಿ ಹರಡಿ ಹಳದಿಯಾದ ಹಾಳೆಗಳ ನಡುವೆ ತೆಳು ಕಾಗದ ಇಟ್ಟು ಸ್ಕ್ಯಾನ್ ಮಾಡುವುದು. ದಯವಿಟ್ಟು ಯಾರೂ ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ಹುಳಕ್ಕಿಂತ ಹೆಚ್ಚು ತಿನ್ನುತ್ತದೆ.

ಕಷ್ಟವಿರುವುದು ತಾರೀಖು ಹಚ್ಚುವುದರಲ್ಲಿ. ವಿದ್ಯಾರ್ಥಿವೇತನ ತಡವಾದುದರ ಬಗ್ಗೆ ಬರೆದ ಒಂದು ಹಾಳೆಯಲ್ಲಿ 'ಬರುವ ಗುರುವಾರ ಮೆರವಣಿಗೆ' ಎಂದಷ್ಟೇ ಇದೆ. ಯಾವ ವರ್ಷದ ಗುರುವಾರ? ಹಾಳೆಯ ಬೆನ್ನಿಗೆ ಯಾರೋ ಪೆನ್ಸಿಲ್ಲಿನಲ್ಲಿ ಮೆಸ್ಸಿನ ಲೆಕ್ಕ ಗೀಚಿದ್ದಾರೆ: ರಾಗಿ, ಹುರುಳಿ, ಸೌದೆ, ಎದುರಿಗೆ ದರ. ಆ ದರ ನೋಡಿ ಒಬ್ಬರು ತುರ್ತು ಪರಿಸ್ಥಿತಿಗೆ ಮುಂಚಿನದು ಎಂದರು. ಇನ್ನೊಬ್ಬರು, ಈಗ ನಿವೃತ್ತ ಮೇಷ್ಟರು, 'ಳ'ದ ಬಾಲ ನೋಡಿದವರೇ ಇದು ನನ್ನ ಕೈಬರಹ ಎಂದು ಗುರುತಿಸಿ, ಆ ಸಂಜೆ ಯಾರು ಹಿಡಿಕೆ ತಿರುಗಿಸಿದರು, ಕಾಗದಕ್ಕೆ ಯಾರು ಕಾಸು ಕೊಟ್ಟರು ಎಂದೆಲ್ಲ ಹೇಳುತ್ತಾ ಹೋದರು. ಸ್ಕ್ಯಾನ್ ಪ್ರತಿಯಲ್ಲಿ ಇದ್ಯಾವುದೂ ಇಲ್ಲ. ಅದಕ್ಕೇ ಈಗ ಪ್ರತಿ ಹಾಳೆಯ ಜೊತೆ ಕೊಟ್ಟವರ ಮಾತನ್ನೂ ಧ್ವನಿಮುದ್ರಿಸಿ, ಒಂದೇ ಸಂಖ್ಯೆ ಕೊಟ್ಟು ಇಡುತ್ತೇವೆ. ಹೆಸರು ಬೇಡ ಎಂದವರ ಹೆಸರು ಹಾಕುವುದಿಲ್ಲ. ಅಂದಿನ ಭಯ ಕೆಲವರಲ್ಲಿ ಇನ್ನೂ ಇದೆ, ಅದನ್ನು ಗೌರವಿಸಬೇಕು. ಮೂಲ ಹಾಳೆ ಯಾವಾಗಲೂ ಕೊಟ್ಟವರ ಮನೆಗೇ ವಾಪಸು ಹೋಗುತ್ತದೆ, ಅವರಾಗಿ ಬಿಟ್ಟುಕೊಟ್ಟರೆ ಮಾತ್ರ ನಮ್ಮ ಬೀರುವಿಗೆ.