ಶುಭಾಶಯದ ‘ಶ’, ಕಳೆದುಹೋದ ‘ೞ’

ಈ ವಾರ್ಷಿಕ ಸಂಚಿಕೆಗೆ ಬರುವ ಲೇಖನಗಳ ಕರಡು ತಿದ್ದುವ ಕೆಲಸ ಆರು ವರ್ಷದಿಂದ ನನ್ನ ತಲೆಗೆ ಕಟ್ಟಿದೆ. ಸ್ಯಾನ್ ಡಿಯಾಗೋದಿಂದ ಬರುವ ಬರಹವಿರಲಿ, ಲಾಸ್ ಏಂಜಲೀಸಿನದ್ದಿರಲಿ, ಒಂದು ವಿಷಯದಲ್ಲಿ ಎರಡೂ ಊರಿಗೆ ಪೂರ್ತಿ ಒಗ್ಗಟ್ಟು: ಹಬ್ಬ ಬಂತು ಅಂದ್ರೆ ‘ಹಾರ್ಧಿಕ ಶುಭಾಷಯ’. ಶುಭ ಮತ್ತು ಆಶಯ ಸೇರಿ ಆದ ಪದ ಕಣ್ರೀ ಅದು, ಭಾಷೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ‘ಐಕ್ಯತೆ’ ಇನ್ನೊಂದು. ಐಕ್ಯ ಅಂದರೇನೇ ಒಂದಾಗಿರುವುದು. ಅದಕ್ಕೆ ಮತ್ತೆ ‘ತೆ’ ಹಚ್ಚೋದು ಸ್ಯಾನ್ ಡಿಯಾಗೋ ಬಿಸಿಲಲ್ಲಿ ಕೋಟಿನ ಮೇಲೆ ಕೋಟು ಹಾಕಿದ ಹಾಗೆ. ಒಬ್ಬರು ಕುಡಿತದ ವಿರುದ್ಧ ಬರೆದ ಲೇಖನದ ತುಂಬ ‘ಮಧ್ಯಪಾನ’ ಇತ್ತು. ಊಟದ ಮಧ್ಯೆ ನೀರು ಕುಡಿಯಬೇಡಿ ಅನ್ನೋ ಆರೋಗ್ಯ ಸಲಹೆ ಅಂತಲೇ ಓದಿಕೊಂಡೆ.

ತಪ್ಪು ಬರೆದವರನ್ನು ಬೈಯೋದು ಸುಲಭ. ಆದರೆ ಈ ತಲೆನೋವಿಗೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಲ್ಲೇ ಶ್ರೀವಿಜಯ ಈ ಗೊಣಗಾಟ ಶುರು ಮಾಡಿದ್ದಾನೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಸಿಕ್ಕಾಪಟ್ಟೆ ಗಂಟು ಹಾಕೋದು ಕಾದ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಅನ್ನೋದು ಅವನ ದೂರು. ಹಾಲು ಒಡೆದ ಅಡುಗೆಮನೆ ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಅವನಾದ ಮೇಲೆ ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಆಗ ಕನ್ನಡದಲ್ಲಿ ‘ೞ’ ಅನ್ನೋ ಅಕ್ಷರ ಜನರ ಬಾಯಿಂದ ಜಾರಿಹೋಗುತ್ತಿತ್ತು. ನಾವು ಈಗ ‘ಬಾಳೆ’, ‘ಕೋಳಿ’ ಅನ್ನೋದು ಹಿಂದೆ ಬಾೞೆ, ಕೋೞಿ. ನಮ್ಮ ‘ಹೇಳು’ ಪಂಪನ ಕಾಲಕ್ಕೆ ‘ಪೇೞ್’. ಯಾವ ಪದಕ್ಕೆ ‘ೞ’, ಯಾವುದಕ್ಕೆ ‘ಳ’ ಅಂತ ಬರೆಯುವವರಿಗೇ ಗೊತ್ತಾಗದ ಸ್ಥಿತಿ. ಅದಕ್ಕೇ ಕೇಶಿರಾಜ ‘ೞ’ ಬರುವ ಪದಗಳನ್ನು ಹೆಕ್ಕಿ ಪಟ್ಟಿ ಮಾಡಿಟ್ಟ. ನಾವು ಗೋಡೆಗೆ ಅಂಟಿಸಿಕೊಳ್ಳೋ ಕಾಗುಣಿತದ ಪಟ್ಟಿಯ ಹಿರಿಯಜ್ಜ ಅದು. ಪಟ್ಟಿ ಉಳೀತು, ಅಕ್ಷರ ಉಳೀಲಿಲ್ಲ. 1872ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಮಂಗಳೂರಿನಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸುವ ಹೊತ್ತಿಗೆ ‘ೞ’ ಬರೀ ಹಳಗನ್ನಡ ಓದುವವರ ಆಸ್ತಿಯಾಗಿತ್ತು.

ಇದರ ಮುಂದಿನ ಕಥೆ ನಡೆದದ್ದು ನಮ್ಮ ಕಡೆಯೇ. ಲೋಕದ ಎಲ್ಲ ಲಿಪಿಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಅಂಕಿ ಕೊಡುವ ಯೂನಿಕೋಡ್ ಸಂಸ್ಥೆ 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಯಿತು. ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಸಿಕ್ಕಿತು. ‘ೞ’ಗೂ ಅಲ್ಲಿ ಮನೆ ಕೊಟ್ಟರು, ಆದರೆ ಬಾಗಿಲ ಮೇಲಿನ ಹೆಸರು ತಪ್ಪಾಯಿತು. ಅದನ್ನು ‘ಕನ್ನಡದ ಫ ಅಕ್ಷರ’ ಅಂತ ಬರೆದುಬಿಟ್ಟರು, ಫಿಲ್ಮಿನ ಫ! ತಿದ್ದಬಹುದಲ್ಲ ಅಂತೀರಾ? ಆಗಲ್ಲ. ಒಮ್ಮೆ ಕೊಟ್ಟ ಅಕ್ಷರದ ಹೆಸರನ್ನು ಮುಂದೆಂದೂ ಬದಲಿಸಬಾರದು ಅನ್ನೋದು ಯೂನಿಕೋಡಿನ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ಪ್ರೋಗ್ರಾಮುಗಳು ಕೆಟ್ಟು ಕೂರಬಹುದು. ಹಾಗಾಗಿ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿ ಕೈತೊಳೆದುಕೊಂಡರು. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರಿಗೆ ಇದು ಅರ್ಥವಾಗುತ್ತೆ, ನಗುವೂ ಬರುತ್ತೆ. ಕೇಶಿರಾಜನಿಗೆ ಬರುತ್ತಿರಲಿಲ್ಲ.

ಹಾಗೆ ನೋಡಿದರೆ ‘ಶುಭಾಷಯ’ದಲ್ಲೂ ಯಂತ್ರದ ಪಾಲಿದೆ. 1998ರಲ್ಲಿ ‘ಬರಹ’ ಬಂದಮೇಲೆ ನಾವೆಲ್ಲ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಕುಟ್ಟೋದು ಕಲಿತೆವು. ಅದರಲ್ಲಿ ಚಿಕ್ಕ ಎಸ್ ಜೊತೆ ಎಚ್ ಒತ್ತಿದರೆ ಶ, ಎಸ್ ದೊಡ್ಡದಾದರೆ ಷ. ರಾತ್ರಿ ಪಾಳಿ ಮುಗಿಸಿ ಬಂದು ಟೈಪ್ ಮಾಡುವವರ ಕಿರುಬೆರಳು ಎಲ್ಲಿರುತ್ತೋ ಯಾರು ಬಲ್ಲರು.

ಇನ್ನೊಬ್ಬರನ್ನು ನೆನೆಯಲೇಬೇಕು. ವಿಲಿಯಂ ಬ್ರೈಟ್, ಇಲ್ಲೇ ಆಕ್ಸ್‌ನಾರ್ಡಿನಲ್ಲಿ ಹುಟ್ಟಿದವರು, ಲಾಸ್ ಏಂಜಲೀಸಿನ ಯುಸಿಎಲ್‌ಎದಲ್ಲಿ ಸುಮಾರು ಮೂರು ದಶಕ ಪಾಠ ಮಾಡಿದ ಭಾಷಾವಿಜ್ಞಾನಿ. ‘ಲ್ಯಾಂಗ್ವೇಜ್’ ಪತ್ರಿಕೆಗೆ 1966ರಿಂದ 1987ರವರೆಗೆ ಸಂಪಾದಕರು, ಅಂದರೆ ಕರಡು ತಿದ್ದುವ ಕುಲದವರೇ. ಅವರು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ ಪುಸ್ತಕ ಆಡುಗನ್ನಡದ ವ್ಯಾಕರಣ! ಗ್ರಂಥದ ಕನ್ನಡ ಅಲ್ಲ, ಬಾಯಿಮಾತಿನ ಕನ್ನಡ. ಜಾತಿಯಿಂದ ಜಾತಿಗೆ ಕನ್ನಡ ಹೇಗೆ ಬೇರೆಯಾಗುತ್ತೆ ಅಂತಲೂ 1960ರಲ್ಲಿ ಬರೆದರು. ಮೇಲುಜಾತಿಯವರ ಮಾತು ಹೊರಗಿನ ಪದ, ಹೊರಗಿನ ಸದ್ದುಗಳನ್ನು ತಂದುಕೊಂಡು ಬದಲಾಗಿದೆ, ಉಳಿದವರದು ಒಳಗಿಂದೊಳಗೇ ಬದಲಾಗಿದೆ. ಯಾರದೂ ನಿಂತ ನೀರಲ್ಲ ಅನ್ನೋದು ಅವರು ಕಂಡದ್ದು.

ಇದು ನನಗೆ ತುಂಬ ಬೇಕಾದ ಮಾತು. ನಮ್ಮಲ್ಲಿ ಯಾರಾದರೂ ವೇದಿಕೆ ಮೇಲೆ ‘ಹಾಲು’ ಅನ್ನೋದಕ್ಕೆ ‘ಆಲು’ ಅಂದರೆ ಹಿಂದಿನ ಸಾಲಲ್ಲಿ ಕಿಸಕ್ಕನೆ ನಗು ಬರುತ್ತೆ. ನಕ್ಕವರು ತಾವೇ ‘ಪಾಲ್’ ಅನ್ನೋದನ್ನು ಕೆಡಿಸಿ ‘ಹಾಲು’ ಮಾಡಿಕೊಂಡವರ ಮೊಮ್ಮಕ್ಕಳು. ಮೊದಲು ಪ ಹೋಗಿ ಹ ಬಂತು, ಈಗ ಕೆಲವರಲ್ಲಿ ಹ ಕೂಡ ಹೋಗುತ್ತಿದೆ. ದಾರಿ ಒಂದೇ, ಯಾರು ಎಷ್ಟು ದೂರ ನಡೆದರು ಅನ್ನೋದಷ್ಟೇ ವ್ಯತ್ಯಾಸ. ಆ ನಗುವಿಗೆ ಹೆದರಿ ಎರಡು ವರ್ಷದ ಹಿಂದೆ ಮೈಸೂರು ಕಡೆಯ ಒಬ್ಬ ಅಡುಗೆ ಕೆಲಸದವರು ಚೆಂದದ ಲೇಖನವನ್ನು ಕೊಡದೆ ವಾಪಸ್ ಇಟ್ಟುಕೊಂಡರು. ಅವರು ಹೇಳಿದ ಕಾರಣ: ‘ನನ್ನ ಕನ್ನಡ ಸರಿಯಿಲ್ಲ ಸಾರ್.’

‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆಯುತ್ತಿದ್ದ ಜಿ. ವೆಂಕಟಸುಬ್ಬಯ್ಯನವರು, 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡವರು, ಓದುಗರು ಕೇಳಿದ ಸಣ್ಣ ಪದಕ್ಕೂ ಅದು ಎಲ್ಲಿಂದ ಬಂತು ಅಂತ ವಿವರಿಸುತ್ತಿದ್ದರು. ಅದನ್ನೇ ಹಿಡಿದು ಈ ವರ್ಷ ಹೀಗೆ ಮಾಡಿದ್ದೇನೆ: ‘ಶುಭಾಷಯ’, ‘ಮಧ್ಯಪಾನ’ ಎಲ್ಲ ಕಂಡಲ್ಲಿ ತಿದ್ದಿದ್ದೇನೆ, ತಿದ್ದಿದ್ದಕ್ಕೆ ಕಾರಣವನ್ನೂ ಬರೆದವರಿಗೆ ಫೋನಿನಲ್ಲಿ ಹೇಳಿದ್ದೇನೆ. ‘ಐತಿ’, ‘ಐತೆ’, ‘ಉಂಟು’, ‘ಆಲು’ ಮುಟ್ಟಿಲ್ಲ. ಆ ಅಡುಗೆಯವರ ಲೇಖನ ಈ ಸಲ ಬಂದಿದೆ, ಇದರ ಮುಂದಿನ ಪುಟದಲ್ಲೇ ಇದೆ.