ಒಂದು ಪೆನ್ನಿ ಸ್ನಾನದಿಂದ ಟೆಂಡರ್ ಈಜುಕೊಳದವರೆಗೆ

ಮೇ ತಿಂಗಳಲ್ಲಿ ಮುಂಬಯಿಯ ಯಾವುದೇ 'ತರಣ ತಲಾವ್' ಎದುರು ಫಾರ್ಮ್ ಹಿಡಿದು ನಿಂತು ನೋಡಿ, ಒಂದು ವಾದ ಕಿವಿಗೆ ಬಿದ್ದೇ ಬೀಳುತ್ತದೆ. ಪಾಲಿಕೆಯೇ ನಡೆಸಿದರೆ ಸೋಮಾರಿತನ, ಕಾಂಟ್ರಾಕ್ಟರಿಗೆ ಕೊಟ್ಟರೆ ಲೂಟಿ. ಇದು ನಮ್ಮಲ್ಲಿ ಹುಟ್ಟಿದ ಜಗಳ ಅಂದುಕೊಂಡಿದ್ದರೆ ತಪ್ಪು. ಊರಿನ ತೆರಿಗೆಯಲ್ಲಿ ಸ್ನಾನಗೃಹ ಕಟ್ಟಲು ಕಾನೂನು ಮಾಡಿದ ಇಂಗ್ಲೆಂಡಿನಲ್ಲಿ ಇದು ಬಹಳ ದೂರ ಹೋಗಿ ಬಂದಿದೆ.

ಕತೆ ಶುರುವಾಗುವುದು ಒಬ್ಬ ವಲಸೆಗಾರ್ತಿಯಿಂದ. ಕಿಟ್ಟಿ ವಿಲ್ಕಿನ್ಸನ್ ಐರ್ಲೆಂಡಿನ ಡೆರಿಯಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಲಿವರ್‌ಪೂಲಿಗೆ ಬಂದವಳು. 1832ರಲ್ಲಿ ಅಲ್ಲಿ ಕಾಲರಾ ಬಂದಾಗ ಅವಳ ಬೀದಿಯಲ್ಲಿ ನೀರು ಕಾಯಿಸುವ ಹಂಡೆ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ರೋಗಿಗಳ ಬಟ್ಟೆ ಒಗೆಯಲು ಅದನ್ನು ನೆರೆಹೊರೆಗೆಲ್ಲ ಬಿಟ್ಟುಕೊಟ್ಟಳು. ಅದೇ ಬೆಳೆದು 1842ರಲ್ಲಿ ಲಿವರ್‌ಪೂಲಿನ ಫ್ರೆಡರಿಕ್ ಸ್ಟ್ರೀಟಿನಲ್ಲಿ ಸಾರ್ವಜನಿಕ ಸ್ನಾನಗೃಹ, ಅಗಸಾಲೆ ಎರಡೂ ಒಟ್ಟಿಗೆ ತೆರೆದವು. ಮುಂದೆ ಅದರ ಉಸ್ತುವಾರಿಯೂ ಅವಳಿಗೇ ಬಂತು.

1846ರಲ್ಲಿ ಸ್ನಾನಗೃಹಗಳ ಕಾಯಿದೆ ಬಂತು. ಪಟ್ಟಣಗಳು ಸಾಲ ಎತ್ತಿ, ತೆರಿಗೆ ಹಣದಿಂದ ಸ್ನಾನಗೃಹ ಕಟ್ಟಬಹುದು. ಆದರೆ ಬಡವರ ದರಕ್ಕೆ ಕಾಯಿದೆಯೇ ಮಿತಿ ಹಾಕಿತ್ತು: ತಣ್ಣೀರಿಗೆ ಒಂದು ಪೆನ್ನಿ, ಬಿಸಿನೀರಿಗೆ ಎರಡು. ನನ್ನ ಮಟ್ಟಿಗೆ ಇಡೀ ಇತಿಹಾಸದ ಮುಖ್ಯ ಸಾಲು ಇದೇ. ಯಾರು ನಡೆಸುತ್ತಾರೆ ಎನ್ನುವುದಕ್ಕೆ ಮೊದಲು, ಯಾರು ಒಳಗೆ ಬರಬಹುದು ಎಂದು ಬರೆದಿಟ್ಟರು. ಮುಚ್ಚಿದ ಛಾವಣಿಯ ಈಜುಕೊಳಗಳಿಗೆ ದಾರಿಯಾದದ್ದು 1878ರ ತಿದ್ದುಪಡಿಯಿಂದ.

ಹಾಗಂತ ಅದೇನೂ ರಾಮರಾಜ್ಯವಲ್ಲ. ಫಿಲ್ಟರ್ ಬರುವ ಮೊದಲು ಕೊಳ ತುಂಬಿದ ದಿನ ಟಿಕೆಟ್ ದುಬಾರಿ, ನೀರು ಕೊಳೆಯಾಗುತ್ತ ಬಂದ ಹಾಗೆ ಅಗ್ಗ. ಬಡವನ ಪಾಲಿಗೆ ವಾರದ ಕೊನೆಯ ನೀರು! ನಮ್ಮ ಚಾಳಿನ ನಲ್ಲಿ ಸರದಿ ನೆನಪಾಗುತ್ತದೆ, ಅಲ್ವಾ?

ಇನ್ನು ಕಾಂಟ್ರಾಕ್ಟಿನ ವಿಷಯ. ಥ್ಯಾಚರ್ ಸರ್ಕಾರ 1988ರಲ್ಲಿ ಸ್ಥಳೀಯ ಸಂಸ್ಥೆಗಳ ಕಾಯಿದೆ ತಂದು ಕಸ, ಗುಡಿಸುವಿಕೆಯಂಥ ಕೆಲಸಗಳಿಗೆ ಕಡ್ಡಾಯ ಟೆಂಡರ್ ಮಾಡಿತು. 1989ರ ಆದೇಶದಿಂದ ಈಜುಕೊಳಗಳ ನಿರ್ವಹಣೆಯೂ ಅದರಡಿ ಬಂತು. ಕಟ್ಟಡ ಕೌನ್ಸಿಲಿನದೇ, ದರವನ್ನೂ ಸಮಯವನ್ನೂ ಅದೇ ಗೊತ್ತು ಮಾಡಬಹುದು, ನಡೆಸುವ ಕೆಲಸಕ್ಕೆ ಮಾತ್ರ ಪೈಪೋಟಿ. ಕೌನ್ಸಿಲಿನ ಸ್ವಂತ ನೌಕರರೂ ಖಾಸಗಿ ಕಂಪನಿಯ ಪಕ್ಕದಲ್ಲಿ ನಿಂತು ಬೆಲೆ ನಮೂದಿಸಬೇಕು. ತಮಾಷೆಯೆಂದರೆ, ಹೆಚ್ಚಿನ ಕಡೆ ಗೆದ್ದದ್ದು ಆ ನೌಕರರೇ. ಆದರೆ ಕಡಿಮೆ ಬೆಲೆ ನಮೂದಿಸಿ ಗೆದ್ದವನು ಎಲ್ಲಾದರೂ ಉಳಿಸಲೇಬೇಕು. ಪಂಪು, ಕ್ಲೋರಿನ್, ಕರೆಂಟಿನಲ್ಲಿ ಹೆಚ್ಚು ಉಳಿಸಲಾಗದು. ಉಳಿಯುವುದು ಸಂಬಳ, ಕೆಲಸದ ಗಂಟೆ. ಈ ಕಡ್ಡಾಯ ಟೆಂಡರನ್ನು 1999ರ ಕಾಯಿದೆ ತೆಗೆದುಹಾಕಿತು.

ಈ ನಡುವೆ ಲಂಡನ್ನಿನ ಗ್ರೀನಿಚ್‌ನಲ್ಲಿ ಮೂರನೆಯ ದಾರಿಯೊಂದು ಹುಟ್ಟಿತು. ಬಜೆಟ್ ಕಡಿತಕ್ಕೆ ಸಿಕ್ಕಿದ ಅಲ್ಲಿನ ಕ್ರೀಡಾಕೇಂದ್ರಗಳನ್ನು 1993ರಲ್ಲಿ ಗ್ರೀನಿಚ್ ಲೀಷರ್ ಎಂಬ ಸಂಸ್ಥೆ ವಹಿಸಿಕೊಂಡಿತು. ಒಡೆಯರು ನೌಕರರೇ, ಲಾಭ ಹಂಚಿಕೊಳ್ಳುವಂತಿಲ್ಲ. ಅದು ಎಷ್ಟು ಬೆಳೆಯಿತೆಂದರೆ 2014ರಲ್ಲಿ ಲಂಡನ್ ಒಲಿಂಪಿಕ್ಸಿನ ಈಜುಕೊಳ ಜನರಿಗೆ ತೆರೆದಾಗ ನಡೆಸಿದ್ದೂ ಅದೇ. ಒಂದು ಬಡಾವಣೆಯ ಸಹಕಾರ ಸಂಘ ಇಡೀ ದೇಶದ ಗುತ್ತಿಗೆದಾರನಾದ ಮೇಲೂ ಅದು ಸಹಕಾರ ಸಂಘವೇ ಎನ್ನುವ ಅನುಮಾನ ನನಗಿದೆ, ಇರಲಿ.

ಯಾವ ಮಾದರಿಯೂ ಅನಿಲದ ಬಿಲ್ಲಿನಿಂದ ಪಾರಾಗಲಿಲ್ಲ. 2022ರಲ್ಲಿ ಇಂಧನದ ಬೆಲೆ ಏರಿದಾಗ ಎಲ್ಲರೂ ಸರ್ಕಾರದ ಕಡೆ ನೋಡಿದರು. 2023ರಲ್ಲಿ ಇಂಗ್ಲೆಂಡಿನ ಕೊಳಗಳಿಗೆ 6 ಕೋಟಿಗೂ ಹೆಚ್ಚು ಪೌಂಡ್ ಕೊಡಬೇಕಾಯಿತು. ನಷ್ಟ ದೊಡ್ಡದಾದಾಗ ಅದು ತೆರಿಗೆದಾರನ ಮಡಿಲಿಗೇ ಬಂತು.

ನಮ್ಮ ಮುಂಬಯಿಯಲ್ಲೂ ಬಗೆಬಗೆಯ ವ್ಯವಸ್ಥೆ ಇದೆ. ಶಿವಾಜಿ ಪಾರ್ಕಿನ ಮಹಾತ್ಮ ಗಾಂಧಿ ಸ್ಮಾರಕ ಕೊಳ ಪಾಲಿಕೆಯದು (2023ರಲ್ಲಿ ಮೊಸಳೆ ಮರಿ ಸಿಕ್ಕಿದ್ದು ಇಲ್ಲೇ!). ಅಂಧೇರಿ, ಮುಲುಂಡಿನ ಕ್ರೀಡಾ ಸಂಕುಲಗಳನ್ನು ಪಾಲಿಕೆಯೇ ಹುಟ್ಟುಹಾಕಿದ ಪ್ರತಿಷ್ಠಾನಕ್ಕೆ ಕೊಟ್ಟದ್ದು. ಟೆಂಡರ್ ಕರೆಯುವ ಕೊಳವಾದರೆ ನೋಡಬೇಕಾದದ್ದು ಬೋರ್ಡಿನ ಮೇಲಿನ ಹೆಸರನ್ನಲ್ಲ, ಕರಾರುಪತ್ರವನ್ನು. ಕಾಂಟ್ರಾಕ್ಟರಿಗೆ ಗಿಟ್ಟುವುದು ಕೋಚಿಂಗಿನಲ್ಲಿ, ಬೇಸಿಗೆ ಶಿಬಿರದಲ್ಲಿ. ಸಾದಾ ಟಿಕೆಟಿನಲ್ಲಿ ಅಲ್ಲ. ಹಾಗಾಗಿ ಸಾದಾ ಟಿಕೆಟಿನವರಿಗೆ ದಿನಕ್ಕೆ ಎಷ್ಟು ಗಂಟೆ ಮೀಸಲು, ಒಂದು ಪಾಳಿಗೆ ಎಷ್ಟು ಲೈಫ್‌ಗಾರ್ಡ್, ಫಿಲ್ಟರ್ ಕೆಟ್ಟರೆ ರಿಪೇರಿ ಯಾರ ಖರ್ಚು – ಈ ಮೂರು ಅದರಲ್ಲಿ ಇವೆಯೇ ನೋಡಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಕರಾರಿನ ಪ್ರತಿ ಕೇಳಬಹುದು. ಜೆರಾಕ್ಸಿನ ದುಡ್ಡು ಬೇರೆ.